ಕಷಾಯದ ಬಾಯ್ಲರ್‌ಗೆ ಬಾಲ್ ವಾಲ್ವ್ ಹಾಕಬಹುದೇ?

ಅಡಿಕೆ ಕೊಯ್ಲಿನ ದಿನ ಆಳುಗಳಿಗೆ ಕಷಾಯ ಕಾಯಿಸುವ 20 ಲೀಟರಿನ ಸ್ಟೀಲ್ ಬಾಯ್ಲರಿನ ನಲ್ಲಿ ಸದಾ ತೊಟ್ಟಿಕ್ಕುತ್ತದೆ ಅಂದಿದ್ದೀರಿ. ಅದರ ಬದಲು ಬಾಲ್ ವಾಲ್ವ್, ಅಂದರೆ ಒಳಗೆ ತೂತಿರುವ ಗುಂಡು ತಿರುಗಿ ನೀರು ಬಿಡುವ, ತಡೆಯುವ ನಲ್ಲಿ, ಧಾರಾಳವಾಗಿ ಹಾಕಬಹುದು.

ಶಿವಮೊಗ್ಗದ ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಇಂಚಿನ 304 ಸ್ಟೀಲ್ ಬಾಲ್ ವಾಲ್ವ್, ಅದೇ ಅಳತೆಯ ಸ್ಟೀಲ್ ಟ್ಯಾಂಕ್ ನಿಪ್ಪಲ್ (ಒಂದು ತುದಿಯಲ್ಲಿ ಅಗಲ ತಲೆ, ಮೈಮೇಲೆ ಥ್ರೆಡ್, ಜೊತೆಗೆ ನಟ್ ಇರುವ ಗಿಡ್ಡ ಕೊಳವೆ), ಸಿಲಿಕೋನ್ ವಾಷರ್, ಟೆಫ್ಲಾನ್ ಟೇಪ್ ಕೇಳಿ. ಹಿತ್ತಾಳೆ ಬೇಡ, ಪುನರ್ಪುಳಿಯಂಥ ಹುಳಿ ಅದನ್ನು ತಿನ್ನುತ್ತದೆ. ಮಾಮೂಲಿ ಕಪ್ಪು ರಬ್ಬರ್ ಬಿಸಿಗೆ ವಾಸನೆ ಬಿಡುತ್ತದೆ.

ಕರೆಂಟಿನ ಬಾಯ್ಲರ್ ಆದರೆ ಮೊದಲು ಕರೆಂಟ್ ಪ್ಲಗ್ ಕಿತ್ತಿಡಿ, ಆಮೇಲೆ ಹಳೆಯ ನಲ್ಲಿ ಬಿಚ್ಚಿ. ಅರ್ಧ ಇಂಚಿನ ಥ್ರೆಡ್‌ನ ಹೊರ ವ್ಯಾಸ ಸುಮಾರು 21 ಮಿ.ಮೀ.; ಹಳೆಯ ತೂತು ಚಿಕ್ಕದಿದ್ದರೆ ಮೆಟ್ಟಿಲಂತೆ ದಪ್ಪವಾಗುತ್ತ ಹೋಗುವ ಸ್ಟೆಪ್ ಡ್ರಿಲ್‌ನಿಂದ ದೊಡ್ಡದು ಮಾಡಿ. ಡ್ರಿಲ್ ನಿಧಾನ ತಿರುಗಲಿ, ಆಗಾಗ ಎಣ್ಣೆ ಹನಿಸಿ. ಜೋರಾಗಿ ತಿರುಗಿಸಿದರೆ ಸ್ಟೀಲ್ ಬಿಸಿಯಾಗಿ ಗಟ್ಟಿಯಾಗುತ್ತದೆ, ಬಿಟ್ ಸುಮ್ಮನೆ ಜಾರುತ್ತದೆ. ತೂತಿನ ಅಂಚಿನ ಚೂಪನ್ನು ಅರದಿಂದ ಉಜ್ಜಲೇಬೇಕು. ಅದು ಉಳಿದರೆ ವಾಷರ್ ಕತ್ತರಿಸಿಹೋಗುತ್ತದೆ, ಹೆಚ್ಚಿನ ಸೋರಿಕೆ ಶುರುವಾಗುವುದೇ ಅಲ್ಲಿ.

ನಿಪ್ಪಲ್‌ನ ತಲೆ ಒಳಗಿರಲಿ, ವಾಷರ್ ತಲೆಗೂ ಗೋಡೆಗೂ ನಡುವೆ, ನಟ್ ಹೊರಗೆ. ಹೀಗಾದರೆ ನೀರು ಥ್ರೆಡ್‌ವರೆಗೆ ಬರುವುದೇ ಇಲ್ಲ. ಕೈಯಲ್ಲಿ ಬಿಗಿಮಾಡಿ, ಆಮೇಲೆ ಸ್ಪಾನರ್‌ನಲ್ಲಿ ಕಾಲು ಸುತ್ತು ಸಾಕು. ಟೇಪ್ ಬೇಕಾಗುವುದು ವಾಲ್ವ್ ಸೇರುವ ಕಡೆ, ಆರೇಳು ಸುತ್ತು. ತಣ್ಣೀರು ತುಂಬಿಸಿ ನೋಡಿ. ಒಮ್ಮೆ ಕುದಿಸಿ, ಆರಿದ ಮೇಲೆ ನಟ್ ಇನ್ನೊಮ್ಮೆ ನೋಡಿ.

ಬಿಸಿ ಮಾಡುವ ಕಾಯಿಲ್ ನೀರಲ್ಲಿ ಮುಳುಗಿರುವ ಮಾದರಿಯಾದರೆ ನೀರು ಅದಕ್ಕಿಂತ ಕೆಳಗಿಳಿಯುವ ಮೊದಲೇ ಸ್ವಿಚ್ ಆರಿಸಿ, ಇಲ್ಲದಿದ್ದರೆ ಸುಡುತ್ತದೆ. ಹಾಲು ಹಾಕಿದ ಕಷಾಯಕ್ಕೆ ಮಾತ್ರ ಈ ವಾಲ್ವ್ ಅಷ್ಟು ಒಳ್ಳೆಯದಲ್ಲ: ಗುಂಡಿನ ಸುತ್ತ ಹಾಲು ನಿಂತು ಹುಳಿಯಾಗುತ್ತದೆ. ತೊಳೆಯುವಾಗ ಹಿಡಿಯನ್ನು ಅರ್ಧಕ್ಕೆ ನಿಲ್ಲಿಸಿ ಕುದಿನೀರು ಹರಿಸಿ.