ಚೀಟಿ ಎತ್ತಿಸಬೇಡಿ, ಸಾಲಾಗಿ ಇಡಿಸಿ

ತುಮಕೂರಿನ ನಿಮ್ಮ ಆಫೀಸಿನ 14 ಜನ ವರ್ಷದ ಕೊನೆಯ ಪಾರ್ಟಿಯಲ್ಲಿ ಗುಟ್ಟಾಗಿ ಗಿಫ್ಟ್ ಕೊಟ್ಟುಕೊಳ್ಳೋದು ಹೇಗೆ ಅಂತ ಕೇಳಿದ್ದೀರಿ. ಡಬ್ಬದಿಂದ ಚೀಟಿ ಎತ್ತಿಸಬೇಡಿ. ಮೂರರಲ್ಲಿ ಸುಮಾರು ಎರಡು ಸಲ ಯಾರಿಗಾದ್ರೂ ತಮ್ಮದೇ ಹೆಸರು ಬಂದುಬಿಡುತ್ತದೆ, ಮತ್ತೆ ಮೊದಲಿಂದ ಶುರು. ಆಟಕ್ಕೆ ಸೇರದ ಒಬ್ಬರ ಕೈಲಿ (ನಮ್ಮಲ್ಲಿ ಟೀ ತರೋ ಅಣ್ಣ) ಚೀಟಿ ಕಲೆಸಿ ಸಾಲಾಗಿ ಇಡಿಸಿ. ಮೊದಲನೆಯವರು ಎರಡನೆಯವರಿಗೆ, ಎರಡನೆಯವರು ಮೂರನೆಯವರಿಗೆ, ಕೊನೆಯವರು ಮೊದಲನೆಯವರಿಗೆ. ಯಾರಿಗೆ ಯಾರು ಅಂತ ಚೀಟಿ ಇಟ್ಟವರೇ ಒಬ್ಬೊಬ್ಬರ ಕಿವಿಯಲ್ಲಿ ಹೇಳಲಿ.

300 ರೂಪಾಯಿ ಮಿತಿ ಸಾಕು. ಎಂ.ಜಿ. ರೋಡಲ್ಲಿ ಒಂದು ಸುತ್ತು ಹಾಕಿದರೆ ಏನಾದ್ರೂ ಸಿಗುತ್ತದೆ. ಜೊತೆಗೆ, ಹೊಸದೇ ಕೊಡಬೇಕು ಅಂತ ಮೊದಲೇ ಹೇಳಿಬಿಡಿ. ಹೋದ ಸಲ ನನಗೆ ಸಿಕ್ಕಿದ್ದು ಯಾರದೋ ಗೃಹಪ್ರವೇಶದ ಸ್ಟೀಲ್ ಬಟ್ಟಲು. ತಳದಲ್ಲಿ ಅವರ ಹೆಸರು, ತಾರೀಖು ಎರಡೂ ಕೆತ್ತಿತ್ತು!