ಲೆಂಟ್ ಮುಗಿದ ಮೇಲೆ ಊಟ ಹಿಡಿತ ತಪ್ಪಿದರೆ

ಈಸ್ಟರ್‌ಗೆ ಮುಂಚಿನ ಉಪವಾಸ ಕಾಲವಾದ ಲೆಂಟ್‌ನ 40 ದಿನ ಊಟ ಸರಿಯಿದ್ದು, ಈಸ್ಟರ್ ಆದ ಮೇಲೆ ರಾತ್ರಿ ಊಟ ಜಾಸ್ತಿಯಾಗುತ್ತಿದೆ ಎಂದಿರಿ. ಬಹುಶಃ ಭಕ್ತಿ ಕಡಿಮೆಯಾಗಿಲ್ಲ. ಹಗಲೆಲ್ಲ ಖಾಲಿ ಹೊಟ್ಟೆಯಲ್ಲಿರುವ ರೂಢಿ ಉಳಿದುಬಿಟ್ಟಿದೆ. ನನಗೂ ಹೀಗೇ ಆಗಿತ್ತು.

ಮೊದಲ ವಾರ ಬೆಳಗಿನ ತಿಂಡಿ ತಪ್ಪಿಸಬೇಡಿ, ಅಷ್ಟು ಸಾಕು. ಆಮೇಲೆ ನಡಿಗೆ ಶುರು ಮಾಡಿ. ಅದನ್ನು ಬೆಳಗಿನ ಪ್ರಾರ್ಥನೆಗೇ ಜೋಡಿಸಿ. ರಾತ್ರಿಯೇ ಶೂ ಬಾಗಿಲ ಬಳಿ ಇಡಿ, ಆಮೆನ್ ಅಂದ ಕೂಡಲೇ 10 ನಿಮಿಷ ಹೊರಗೆ. ನಿಧಾನವಾಗಿ ವಾರಕ್ಕೆ 150 ನಿಮಿಷಕ್ಕೆ ಏರಿಸಿ.

ಒಂದು ದಿನ ತಪ್ಪಿದರೆ ಪಾಪವೆಂದು ಕೊರಗಬೇಡಿ, ಮರುದಿನ ಉಪವಾಸವಿದ್ದು ಸರಿದೂಗಿಸಲೂ ಬೇಡಿ. ಬೈಬಲಿನಲ್ಲಿ ಪ್ರವಾದಿ ಎಲೀಯ ಸೋತು ಮಲಗಿದಾಗ ದೇವದೂತ ಬೈಯಲಿಲ್ಲ, ರೊಟ್ಟಿ, ನೀರು ಕೊಟ್ಟ ಅಲ್ವಾ?

ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಊಟದ ಹೊತ್ತು ಬದಲಿಸುವ ಮುಂಚೆ ಡಾಕ್ಟರನ್ನು ಕೇಳಿ.