ಹದಿನಾಲ್ಕನೇ ಪಾಠದಲ್ಲಿ ನಿಂತ ಹುಡುಗಿ

(ಗುರುತು ಸಿಗದಂತೆ ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ.)

ಆ ತಾಯಿ ಸಲಹೆ ಕೇಳಲು ನನ್ನ ಬಳಿ ಬಂದಾಗ ಕೈಯಲ್ಲಿ ದಪ್ಪನೆಯ ಮೂರು ಪುಸ್ತಕಗಳಿದ್ದವು, ಜೊತೆಯಲ್ಲಿ 9 ವರ್ಷದ ಮಗಳು. ಪುಸ್ತಕಗಳನ್ನು ಮೇಜಿನ ಮೇಲಿಟ್ಟ ಕೂಡಲೇ ಹುಡುಗಿ ತನ್ನ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು.

"ಎರಡು ವರ್ಷದಿಂದ ಮನೆಯಲ್ಲೇ ಓದಿಸುತ್ತಿದ್ದೇವೆ ಮೇಡಂ. ಗಣಿತ, ಪರಿಸರ ಎಲ್ಲವೂ ಚೆನ್ನಾಗಿಯೇ ಸಾಗಿವೆ. ಈ ಇಂಗ್ಲಿಷ್ ಪುಸ್ತಕ ತೆಗೆದರೆ ಮಾತ್ರ ಹೊಟ್ಟೆನೋವು. ಹದಿನಾಲ್ಕನೇ ಪಾಠದಿಂದ ಮುಂದೆ ಹೋಗಿಲ್ಲ." ಹೊಟ್ಟೆನೋವಿಗೆ ಮಕ್ಕಳ ವೈದ್ಯರನ್ನು ಕಂಡಾಗಿತ್ತು. ಕಣ್ಣಿನ ಪರೀಕ್ಷೆಯೂ ಮುಗಿದಿತ್ತು. ಎರಡರಲ್ಲೂ ದೋಷವಿರಲಿಲ್ಲ.

ಅಮೆರಿಕದ ಮನೆಶಾಲೆಗಳಲ್ಲಿ 'ಲ್ಯಾಂಗ್ವೇಜ್ ಆರ್ಟ್ಸ್' ಎನ್ನುವ ಪಠ್ಯಕ್ರಮ ಅದು. ಓದು, ಸ್ಪೆಲಿಂಗ್, ವ್ಯಾಕರಣ, ಕೈಬರಹ, ಸ್ವಂತ ರಚನೆ ಇವೆಲ್ಲವನ್ನೂ ಒಂದೇ ದಿನದ ಪಾಠದಲ್ಲಿ ಹೆಣೆದಿರುತ್ತಾರೆ. ಒಂದು ಎಳೆ ಸಿಕ್ಕಾದರೆ ಇಡೀ ಪಾಠ ನಿಲ್ಲುತ್ತದೆ. ಹಾಗಾಗಿ 'ಮಗುವಿಗೆ ಭಾಷೆಯೇ ಇಷ್ಟವಿಲ್ಲ' ಎಂಬ ದೂರನ್ನು ನಾನು ಎಂದೂ ಹಾಗೆಯೇ ಸ್ವೀಕರಿಸುವುದಿಲ್ಲ. ಯಾವ ಎಳೆ ಎಂದು ಮೊದಲು ಹುಡುಕಬೇಕು. ಅದನ್ನು ಹೇಳಬೇಕಾದವಳು ಮಗುವೇ.

ತಾಯಿಯನ್ನು ಹೊರಗೆ ಕೂರಿಸಿ, ಹುಡುಗಿಗೆ ಎರಡು ಬಣ್ಣದ ಪೆನ್ಸಿಲ್ ಕೊಟ್ಟೆ. "ಈ ಪುಸ್ತಕದಲ್ಲಿ ನಿನಗೆ ಬೇಡವಾದ ಜಾಗಕ್ಕೆ ಕೆಂಪು, ಇರಲಿ ಎನ್ನಿಸಿದ್ದಕ್ಕೆ ಹಸಿರು ಗುರುತು ಹಾಕು" ಎಂದೆ. ಪುಸ್ತಕದ ಮೇಲೆ ಗೀಚಬಹುದೇ ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡ ಮೇಲೆ ಕೆಲಸಕ್ಕೆ ಇಳಿದಳು. ಮುಗಿದಾಗ ಕಥೆಗಳೆಲ್ಲ ಹಸಿರು. ಕಥೆಯ ಕೆಳಗಿನ ಪ್ರಶ್ನೆಗಳು, ನಕಲು ಬರೆಯುವ ಸಾಲುಗಳು, ಸ್ಪೆಲಿಂಗ್ ಪಟ್ಟಿಗಳು ಕೆಂಪು.

"ಕಥೆ ಓದಿ ಆಯಿತಲ್ಲ ಆಂಟಿ, ಮತ್ತೆ ಯಾಕೆ ಕೇಳುತ್ತಾರೆ? ಬರೆದವರಿಗೆ ಗೊತ್ತೇ ಇರುತ್ತದೆ."

ಇದು ಸೋಮಾರಿತನದ ಮಾತಲ್ಲ. ಉತ್ತರ ತಿಳಿದಿರುವವರಿಗೆ ಉತ್ತರ ಹೇಳುವುದರಲ್ಲಿ ಅವಳಿಗೆ ಅರ್ಥ ಕಾಣುತ್ತಿರಲಿಲ್ಲ. ಅದೇ ಕಥೆಯನ್ನು ಓದಿರದ ನನಗೆ ಹೇಳು ಎಂದಾಗ, ಹತ್ತು ನಿಮಿಷ ನಿಲ್ಲಿಸದೆ ಹೇಳಿದಳು. ಬರೆಯಲು ಕೇಳಿದಾಗ ಮಾತ್ರ ಮೂರು ಸಾಲಿಗೆ ಕೈ ಸೋತಿತು. ಪೆನ್ಸಿಲ್ಲನ್ನು ಮುಷ್ಟಿ ಬಿಗಿದು ಹಿಡಿಯುತ್ತಿದ್ದಳು. ಸ್ಪೆಲಿಂಗಿನ ತೊಡಕು ಬೇರೆ. ಮನೆಮಾತು ಕನ್ನಡ. ಅಂಗಡಿ ಬೋರ್ಡು, ಬಸ್ಸಿನ ಫಲಕ ನೋಡುತ್ತ ತಾನಾಗಿ ಓದಲು ಕಲಿತವಳು. ಬಹುಮಟ್ಟಿಗೆ ನುಡಿದಂತೆ ಬರೆಯುವ ಲಿಪಿಗೆ ಹೊಂದಿಕೊಂಡ ಕಿವಿಗೆ, 'ನೈಫ್' ಪದದ ಮೊದಲಲ್ಲಿ ಉಚ್ಚರಿಸದ 'ಕೆ' ಅಕ್ಷರ ಕುಳಿತಿರುವುದು ಅನ್ಯಾಯವೆಂದೇ ಕಾಣುತ್ತದೆ.

ಎರಡನೇ ಭೇಟಿಯಲ್ಲಿ ತಾಯಿಯೊಬ್ಬರನ್ನೇ ಕರೆದೆ. ಪ್ರಕರಣದ ಬೇರು ಇದ್ದದ್ದು ಅಲ್ಲಿ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅವರು ಹಾಸನ ಜಿಲ್ಲೆಯ ಹಳ್ಳಿಯವರು. ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಆಗ ಅಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ತರಗತಿಯಲ್ಲಿ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ಸಲ ಎದ್ದು ಮಾತನಾಡಿದ ದಿನ ಹಿಂದಿನ ಬೆಂಚಿನಿಂದ ಬಂದ ನಗುವನ್ನು ಹೇಳುವಾಗ ಅವರ ಗಂಟಲು ಕಟ್ಟಿತು. "ಅವಳಿಗೆ ಹಾಗಾಗಬಾರದು ಮೇಡಂ. ಅದಕ್ಕೇ ಎಲ್ಲಕ್ಕಿಂತ ಒಳ್ಳೆಯದನ್ನು ತರಿಸಿದೆ. 18,000 ರೂಪಾಯಿ ಆಯಿತು. ಕೆಲಸ ಬಿಟ್ಟಿದ್ದೂ ಇವಳಿಗಾಗಿ." ಮಗಳು ಪುಸ್ತಕ ಮುಚ್ಚಿದಾಗಲೆಲ್ಲ ಅವರಿಗೆ ಆ ನಗು ಕೇಳಿಸುತ್ತಿತ್ತು. ಆ ಭಯವನ್ನು ಸಣ್ಣದೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅದು ನಿಜವಾದ ಗಾಯ. "ಆದರೆ ಗಾಯ ನಿಮ್ಮದು, ಔಷಧಿ ಕುಡಿಯುತ್ತಿರುವವಳು ಅವಳು" ಎಂದಷ್ಟೇ ಹೇಳಿದೆ. ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ.

ಆಮೇಲೆ ಕೊಟ್ಟ ಸಲಹೆ ಇದು. ಎರಡು ವಾರ ಆ ಪುಸ್ತಕಗಳನ್ನು ಕಪಾಟಿನಲ್ಲಿಡಿ. 'ಓದು ನಿಲ್ಲಿಸಿದೆವು' ಎನ್ನಬೇಡಿ, ಪ್ರತಿದಿನ ನೀವೇ ಗಟ್ಟಿಯಾಗಿ ಓದಿ ಹೇಳಿ, ಕನ್ನಡವೂ ಇರಲಿ, ಇಂಗ್ಲಿಷೂ ಇರಲಿ. ಕಬ್ಬನ್ ಪಾರ್ಕಿನ ಮಕ್ಕಳ ಗ್ರಂಥಾಲಯಕ್ಕೆ ಕರೆದೊಯ್ದು ಅವಳೇ ಆರಿಸಲಿ. ನಂತರ ಎಳೆಗಳನ್ನು ಬಿಡಿಸಿ. ರಚನೆಯ ಹೊತ್ತಿನಲ್ಲಿ ಅವಳು ಹೇಳಲಿ, ನೀವು ಬರೆದುಕೊಳ್ಳಿ. ಅವಳ ಮಾತನ್ನು ತಿದ್ದಬೇಡಿ. ಮರುದಿನ ಅದರಲ್ಲಿ ಅವಳಿಗೆ ಇಷ್ಟವಾದ ಎರಡು ವಾಕ್ಯಗಳನ್ನು ಮಾತ್ರ ಅವಳು ನೋಡಿ ಬರೆಯಲಿ, ಹತ್ತು ನಿಮಿಷ ಮೀರದಂತೆ. ಸ್ಪೆಲಿಂಗಿಗೆ ಪಟ್ಟಿ ಬೇಡ, ಅವಳ ವಾಕ್ಯಗಳಲ್ಲೇ ತಪ್ಪಿದ ಮೂರು ಪದ ಸಾಕು. ವ್ಯಾಕರಣ ಒಂದು ವರ್ಷ ಕಾಯಬಲ್ಲದು. ಪ್ರಶ್ನೆಗಳ ಬದಲು, ಅವಳು ಓದಿದ್ದನ್ನು ಓದಿರದವರಿಗೆ ಹೇಳಲಿ. ಸಂಜೆ ಮನೆಗೆ ಬರುವ ತಂದೆಗಿಂತ ಒಳ್ಳೆಯ ಕೇಳುಗ ಬೇಕೆ?

ತಂದೆಗೆ ಇನ್ನೊಂದು ಚಿಂತೆಯಿತ್ತು: "ಮುಂದೆ ಹತ್ತನೇ ತರಗತಿ ಹೇಗೆ?" ಮನೆಯಲ್ಲಿ ಓದುವ ಮಕ್ಕಳು ಸಾಮಾನ್ಯವಾಗಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಪರೀಕ್ಷೆ ಬರೆಯುತ್ತಾರೆ. ಹತ್ತನೇ ತರಗತಿಯ ಹಂತಕ್ಕೆ ಸೇರಲು 14 ವರ್ಷ ತುಂಬಿರಬೇಕು. 5 ವಿಷಯಗಳಲ್ಲಿ ಒಂದು ಭಾಷೆ ಇದ್ದರೆ ಸಾಕು, ಕನ್ನಡವನ್ನೂ ಆರಿಸಬಹುದು. ಇನ್ನೂ ಐದು ವರ್ಷ ಕೈಯಲ್ಲಿದೆ ಎಂದು ತಿಳಿದಾಗ ಅವರ ಹುಬ್ಬು ಸಡಿಲಾಯಿತು.

ಒಂದು ವಿಷಯದಲ್ಲಿ ಮಾತ್ರ ಕಾಯುವುದು ಬೇಡವೆಂದು ಒತ್ತಿ ಹೇಳಿದೆ. ಇಷ್ಟು ಚೆನ್ನಾಗಿ ಓದಿ ಮಾತನಾಡುವ ಮಗುವಿಗೆ ಬರವಣಿಗೆ ಇಷ್ಟು ಭಾರವಾಗಿದ್ದರೆ ಅದು ಅಭ್ಯಾಸದ ಕೊರತೆಯೋ, ಕಲಿಕೆಯ ತೊಂದರೆಯೋ ಎಂದು ಪರೀಕ್ಷಿಸಿಯೇ ತಿಳಿಯಬೇಕು. ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಪತ್ರ ಕೊಟ್ಟೆ. ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಬರುತ್ತದೆ, ಗುರುತಿಸಿದರೆ ಮುಂದೆ ಪರೀಕ್ಷೆಗಳಲ್ಲಿ ಅನುಕೂಲವನ್ನೂ ಕೇಳಬಹುದು. ತಾಯಿ ಪತ್ರವನ್ನು ಹಿಂಜರಿಯುತ್ತಲೇ ತೆಗೆದುಕೊಂಡರು.

ಕಾರ್ತಿಕ ಮಾಸ ಕಳೆದ ಮೇಲೆ ಬಂದಾಗ ಹುಡುಗಿ ಒಂದು ನೋಟ್‌ಬುಕ್ ತಂದಿದ್ದಳು. ಬಸವನಗುಡಿಯ ಕಡಲೆಕಾಯಿ ಪರಿಷೆಯ ಬಗ್ಗೆ ಅವಳು ಇಂಗ್ಲಿಷಿನಲ್ಲಿ ಹೇಳಿದ, ಅಮ್ಮ ಬರೆದುಕೊಂಡ ನಾಲ್ಕು ಪುಟಗಳು. ರಸ್ತೆಯ ಎರಡೂ ಬದಿಯ ಕಾಯಿಯ ರಾಶಿಗಳು, ಅಳತೆ ಪಾತ್ರೆ, ಕಾಲಡಿ ಚಟಪಟ ಎನ್ನುವ ಸಿಪ್ಪೆ. ಕೊನೆಯಲ್ಲಿ ಅವಳದೇ ಕೈಬರಹದ ಎರಡು ಸಾಲು, ಮೂರು ತಪ್ಪು. ಆ ಮೂರಕ್ಕೂ ತಾಯಿ ಕೆಂಪು ಹಾಕಿರಲಿಲ್ಲ. ಹಳೆಯ ಪುಸ್ತಕಗಳಲ್ಲಿ ಎರಡನ್ನು ಬೇರೊಂದು ಮನೆಶಾಲೆಯ ಕುಟುಂಬಕ್ಕೆ ಕೊಟ್ಟಿದ್ದಾರೆ. ಕಥೆಗಳಿರುವ ಪುಸ್ತಕವನ್ನು ಹುಡುಗಿಯೇ ಬಿಡಲಿಲ್ಲವಂತೆ. ನಿಮ್ಹಾನ್ಸ್‌ನ ಪರೀಕ್ಷೆಗೆ ದಿನ ಸಿಕ್ಕಿದೆ, ಜನವರಿಯಲ್ಲಿ.